ಒದ್ದೆ ಸೆರಗಿನ ಕಾಕು

ಎದುರುಮನೆ ಕಾಕುವಿನ ಸೆರಗಿನ ತುದಿ ಯಾವಾಗಲೂ ಒದ್ದೆ. ಕುಂಡದ ತಟ್ಟೆಯಲ್ಲೋ ಕೂಲರಿನ ತಳದಲ್ಲೋ ನೀರು ನಿಂತದ್ದು ಕಂಡರೆ ಸೊಳ್ಳೆ ಮೊಟ್ಟೆಯಿಡದಂತೆ ಚೆಲ್ಲಿ, ಕೈಯನ್ನು ಸೆರಗಿಗೇ ಒರೆಸಿಕೊಳ್ಳುತ್ತಿದ್ದರು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು, ಗಲ್ಲಿಗೆಲ್ಲ ಕಾಕು, ಅಂದರೆ ಚಿಕ್ಕಮ್ಮ. ನಾರಾಯಣಗೂಡದ ನಮ್ಮ ಗಲ್ಲಿಗೆ ಸೊಳ್ಳೆ ಹೊಗೆಯ ಯಂತ್ರ ಬಂದಾಗ, ಹೊಗೆ ಒಳಗೂ ಬರಲೆಂದು ನಾವೆಲ್ಲ ಬಾಗಿಲು ತೆರೆದಿಡುತ್ತಿದ್ದೆವು, ಅವರೊಬ್ಬರು ಮುಚ್ಚಿಕೊಳ್ಳುತ್ತಿದ್ದರು. ಕಾಕು ಸೊಳ್ಳೆ ಸಾಕಿದ್ದಾರೆಂದು ಗಲ್ಲಿಯವರು ತಮಾಷೆ ಮಾಡಿದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ನಾನು. ಕಾರಣ ಸೊಳ್ಳೆಯಲ್ಲ, ನನ್ನ ಮಗಳು.

ಶಾಲೆಯಿಂದ ಬಂದವಳು ಚಪ್ಪಲಿ ಬಿಡುತ್ತಿದ್ದುದು ಅವರ ಹೊಸ್ತಿಲಲ್ಲಿ. ನಾನು ಮಾಡಿಟ್ಟ ಉಪ್ಪಿಟ್ಟು ಆರುತ್ತಿತ್ತು. ಅವರ ಮನೆಯ ಅವಲಕ್ಕಿ ಖಾಲಿಯಾಗುತ್ತಿತ್ತು. ಹೊಗೆಗೆ ಮುಂಚೆ ಗಲ್ಲಿಯ ನುಗ್ಗೆಮರದಡಿ ಹಕ್ಕಿಗಳಿಗಿಟ್ಟ ನೀರಿನ ಬೋಗುಣಿಯನ್ನು ಒಳಗೆ ತರುವುದು ಇಬ್ಬರ ಕೆಲಸ. ಮರುದಿನ ಸತ್ತುಬಿದ್ದ ಜೇನ್ನೊಣಗಳನ್ನು ಗುಬ್ಬಿ ತಿನ್ನದಂತೆ ಗುಡಿಸುವುದೂ.

ಒಮ್ಮೆ ನನಗೂ ಹೇಳಿದರು: "ಇದು ಸೊಳ್ಳಿ, ಇದು ಜೇನ್ನೊಣ, ಇದು ಕೂಸು ಅಂತ ಹೊಗಿಗೇನ್ ಗೊತ್ತಾಗ್ತೈತೆವ್ವಾ?"

"ನನಗ್ಯಾಕ್ರೀ, ನಿಮ್ಮ ಮೊಮ್ಮಗಳಿಗೆ ಹೇಳ್ರಿ" ಅಂದೆ. ನನ್ನ ಮಗಳನ್ನೇ ಅವರ ಮೊಮ್ಮಗಳೆಂದು ಚುಚ್ಚಿದ್ದು ತಿಳಿಯಲೇ ಇಲ್ಲ, ಖುಷಿಪಟ್ಟರು.

ಆ ಸಂಜೆ ಯಂತ್ರ ಹೇಳದೆ ಕೇಳದೆ ಬಂತು. ಕಾಕು ಒಳಗಿದ್ದರು. ಬೋಗುಣಿ ಹೊರಗೇ ಉಳಿದಿದೆಯೆಂದು ಮಗಳು ನನ್ನ ಪಕ್ಕದಿಂದ ನುಸುಳಿ ಓಡಿದಳು. ಬಿಳಿ ಹೊಗೆ ಅವಳನ್ನು ಮುಚ್ಚಿತು. ಮೊದಲೇ ಉಬ್ಬಸದ ಕೂಸು. ಕೆಮ್ಮು ಕೇಳಿಸಿತು, ಆಮೇಲೆ ಕೆಮ್ಮೂ ನಿಂತಿತು. ಅದು ನಿಂತದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಹೆಸರು ಕೂಗುತ್ತ ನಾನು ಗೋಡೆ ತಡವುತ್ತಿದ್ದೆ. ಅವಳನ್ನೆತ್ತಿಕೊಂಡು ಹೊರಬಂದವರು ಕಾಕು. ಒದ್ದೆ ಸೆರಗು ಮಗಳ ಮೂಗಿಗೆ. ಅವರ ಮೂಗಿಗೆ ಏನೂ ಇರಲಿಲ್ಲ.

ಆಸ್ಪತ್ರೆಯಲ್ಲಿ ಉಸಿರು ಹಿಡಿತಕ್ಕೆ ಬಂದ ಮೇಲೆ ಮಗಳು ಮೊದಲು ಕೇಳಿದ್ದು, "ಅಜ್ಜಿ ಎಲ್ಲಿದಾರ?" ಪಕ್ಕದ ಮಂಚದಲ್ಲಿ ಕೆಮ್ಮುತ್ತ ಕಾಕು ಕೈ ಎತ್ತಿದರು. ನನ್ನ ಕೈ ಅವಳ ಹಣೆಯ ಮೇಲೇ ಇತ್ತು.

ಕಾಕು ಹೋದ ವರ್ಷ ನಿದ್ದೆಯಲ್ಲೇ ತೀರಿಕೊಂಡರು. ಈಗ ಯಂತ್ರದ ಸದ್ದಾದರೆ ಬೋಗುಣಿ ಒಳತರುವವಳು ನಾನು. ಬಾಗಿಲು ಮುಚ್ಚಿ, ಸೆರಗು ಒದ್ದೆ ಮಾಡಿಕೊಂಡು ನಿಲ್ಲುತ್ತೇನೆ. ಮಗಳು ಬಂದು ಅದನ್ನು ಮೂಗಿಗೊತ್ತಿಕೊಳ್ಳುತ್ತಾಳೆ.

"ಅಜ್ಜೀದು ಇನ್ನಾ ತಂಪ ಇರ್ತಿತ್ತು, ಮಮ್ಮಿ" ಅನ್ನುತ್ತಾಳೆ.