ಪಂಕಜ ಅನ್ನೋ ಅಕ್ಷರ

ಕಳೆದ ಶನಿವಾರ ಸಂಜೆ ಕುಣಿಗಲ್‌ನ ಛತ್ರವೊಂದರಲ್ಲಿ ಮದುವೆ ಗಂಡು ನನ್ನ ಎರಡೂ ಕೈ ಹಿಡಿದುಕೊಂಡು ಹೊಗಳಿದ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಹೊಗಳಿದ್ದಕ್ಕೆ ನಾಚಿಕೆಯೇ? ಅಷ್ಟು ಸಂಕೋಚದ ಮನುಷ್ಯ ನಾನಲ್ಲ ಅಂತ ನಿಮಗೆ ಗೊತ್ತು. ಕೇಳಿ.

ವಾರಕ್ಕೊಮ್ಮೆ ಈ ಅಂಕಣದಲ್ಲಿ ನಿಮ್ಮ ತಲೆ ತಿನ್ನೋದು ಬಿಟ್ಟರೆ ನನಗೆ ಬರೋ ಕೆಲಸ ಎರಡೇ. ತುಮಕೂರಲ್ಲಿ ಬೋರ್ಡು, ಬ್ಯಾನರ್ ಬರೆಯೋದು. ಕಂಡಕಂಡವರನ್ನ ಆಡಿ ತೋರಿಸೋದು. ಕಂಡಕ್ಟರ್ ಕೆಮ್ಮು, ಮೇಷ್ಟ್ರ ಮೂಗಿನ ಪಾಠ, ಹೆಣ್ಣು ನೋಡೋಕೆ ಹೋಗಿ ಬರೀ ಉಪ್ಪಿಟ್ಟು ತಿಂದು ಬಂದ ನಾನು... ಯಾರನ್ನೂ ಬಿಟ್ಟಿಲ್ಲ.

ಹೋದ ವರ್ಷ ಒಂದು ಆರ್ಕೆಸ್ಟ್ರಾದವರು ಬ್ಯಾನರ್‌ಗೆ ಹೊಸ ಥರ ಅಕ್ಷರ ಬೇಕು ಅಂದರು. ನನ್ನ ಕೈ ತಾನಾಗಿ ಅತ್ತೆ ಮಗಳು ಪಂಕಜಳ ನಡಿಗೆಯನ್ನ ಬರೆದುಬಿಟ್ಟಿತು. (ಹೆಸರು ಬದಲಾಯಿಸಿದೀನಿ. ಅಷ್ಟು ಬುದ್ಧಿ ಈಗ ಬಂದಿದೆ.) ಪಂಕಜ ದಪ್ಪ. ನಡೆದರೆ ಒಂದು ಭುಜ ಮೇಲೆ, ಒಂದು ಕೆಳಗೆ, ಜಡೆ ಆ ಕಡೆಗೊಮ್ಮೆ, ಈ ಕಡೆಗೊಮ್ಮೆ. ನನ್ನ ಅಕ್ಷರವೂ ಹಾಗೇ. ಉಬ್ಬಿದ ಹೊಟ್ಟೆ. ಸಾಲಿನ ಮೇಲೆ ಒಂದೂ ನೆಟ್ಟಗೆ ಕೂರಲ್ಲ. ಒಂದು ಎಗರಿದರೆ ಪಕ್ಕದ್ದು ಕುಸಿಯುತ್ತೆ. ತಲೆಕಟ್ಟು ಅಂದರೆ ಓರೆ ಟೋಪಿ. ಒತ್ತಕ್ಷರ ಅಂದರೆ ತೂಗಾಡೋ ಜಡೆ.

"ಏನ್ಲಾ ಇದು, ಅಕ್ಷರಾನಾ, ಮೆರವಣಿಗೆನಾ?" ಅಂದ, ನನ್ನ ಜೊತೆ ಪೇಂಟ್ ಮಾಡೋ ನಂಜುಂಡ. ನಾನು ಎದ್ದು ಅಂಗಡಿ ತುಂಬ ಪಂಕಜಳ ಹಾಗೆ ನಡೆದು ತೋರಿಸಿದೆ. ಅವನು ನಕ್ಕ ರಭಸಕ್ಕೆ ಕೆಂಪು ಡಬ್ಬ ಉರುಳಿತು. ಅವತ್ತಿಂದ ಆ ಅಕ್ಷರದ ಹೆಸರೇ 'ಪಂಕಜ'.

ಅತ್ತೆ ಮಗಳನ್ನ ಗೇಲಿ ಮಾಡೋದು ನಮ್ಮಲ್ಲಿ ತಪ್ಪೇ? ಹಕ್ಕು! ಅವಳೇನು ನನ್ನ ಕಡ್ಡಿ ಕಾಲನ್ನ ಬಿಟ್ಟವಳಲ್ಲ. ಆದರೆ ಆ ಹಕ್ಕು ಮನೆಯ ಹಜಾರದಲ್ಲಿ ಮುಗೀಬೇಕು. ನಾನು ಅದನ್ನ ಎನಾಮಲ್ ಪೇಂಟಲ್ಲಿ ಊರ ಗೋಡೆಗೆ ಬರೆದೆ.

ಅಕ್ಷರ ಓಡಿತು ನೋಡಿ! ಸೋಡಾ ಅಂಗಡಿ, ಕಟಿಂಗ್ ಸಲೂನ್, ಐಸ್‌ಕ್ಯಾಂಡಿ ಗಾಡಿ, ಕಾಲೇಜ್ ಡೇ ನಾಟಕ. ದೂರದಿಂದಲೇ ಕಣ್ಣು ಹೊಡೆದು ಕರೆಯೋ ಜಾತಿ. (ವಕೀಲರ ಬೋರ್ಡಿಗೆ ಹಾಕಿದರೆ ಕಕ್ಷಿದಾರ ಓಡಿಹೋದಾನು. ಶಿವಗಣಾರಾಧನೆ ಬ್ಯಾನರ್‌ಗೆ ಹಾಕಿದರೆ ಸತ್ತವರೇ ಎದ್ದು ನಕ್ಕಾರು.) ಗುಬ್ಬಿ, ಕುಣಿಗಲ್ ಪೇಂಟರ್‌ಗಳೂ ಕಲಿತರು, ಹೆಸರಿನ ಸಮೇತ.

ಅಷ್ಟರಲ್ಲಿ ಪಂಕಜಳಿಗೆ ಮದುವೆ ಗೊತ್ತಾಯಿತು. ಗಂಡು ಮಹದೇವ. ಗುಬ್ಬಿಯಲ್ಲಿ ರೇಡಿಯೋ ರಿಪೇರಿ ಅಂಗಡಿ. ಮಂಟಪದ ಪರದೆ ಮೇಲೆ ಇಬ್ಬರ ಹೆಸರನ್ನ ಥರ್ಮೋಕೋಲ್‌ನಲ್ಲಿ ಕೊರೆದು ಅಂಟಿಸೋ ಕೆಲಸ ನನ್ನ ಪಾಲಿಗೆ ಬಂತು. ಕೈ ರೂಢಿ. ಅದೇ ಡೊಳ್ಳು ಅಕ್ಷರ ಕೊರೆದೆ. ಶನಿವಾರ ಸಂಜೆ ಗಂಡಿನ ಕಡೆಯವರು ಛತ್ರಕ್ಕೆ ಬಂದಾಗ ಅಂಟಿಸ್ತಾ ಇದ್ದೆ.

"ಇದು 'ಪಂಕಜ' ಅಲ್ವಾ!" ಅಂತ ಮಹದೇವ ನನ್ನ ಕೈ ಹಿಡಿದುಕೊಂಡ. "ನಮ್ಮ ಅಂಗಡಿ ಬೋರ್ಡೂ ಇದ್ರಲ್ಲೇ ಬರ್ಸಿರೋದು. ನೀವೇ ಕಂಡುಹಿಡಿದಿದ್ದಂತೆ? ಭಲೇ ಕೈ ಕಣ್ರೀ ನಿಮ್ದು! ಹುಡುಗಿ ಹೆಸರೂ ಅದೇ ಅಂತ ಗೊತ್ತಾದಾಗ ಒಳ್ಳೇ ಶಕುನ ಅಂದ್ಕೊಂಡೆ. ಅಂದಂಗೆ, ಅಕ್ಷರಕ್ಕೆ ಆ ಹೆಸರು ಯಾಕೆ ಬಂತು?"

ಪಂಕಜ ಬಾಗಿಲಲ್ಲೇ ನಿಂತಿದ್ದಳು. ನಾನು ಥರ್ಮೋಕೋಲ್ ಕಡೆ ಕಣ್ಣು ತಿರುಗಿಸಿದೆ.

"ಹೇಳು ಭಾವ," ಅಂದಳು. "ಹೇಳೋಕಾಗ್ದಿದ್ರೆ ನಡೆದು ತೋರ್ಸು. ದೀಪಾವಳಿಗೆ ಸೀರೆ ತರೋಕೆ ತುಮಕೂರಿಗೆ ಬಂದಾಗ ನಿನ್ನ ಅಂಗಡಿಗೂ ಬಂದಿದ್ದೆ. ನಂಜುಂಡಣ್ಣ ಯಾರಿಗೋ ನನ್ನ ನಡಿಗೆ ತೋರಿಸ್ತಿದ್ರು. ನಿನ್ನಷ್ಟು ಚೆನ್ನಾಗಿ ಬರಲ್ವಂತೆ ಅವರಿಗೆ."

ಸುತ್ತ ಇದ್ದವರು ಇದನ್ನೂ ತಮಾಷೆ ಅಂದುಕೊಂಡರು. "ಮಾಡೋ, ಮಾಡೋ!" ಅಂತ ಮಾವ, ಪಂಕಜಳ ಅಪ್ಪ, ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು.

ನನ್ನ ಕಾಲು ಏಳಲಿಲ್ಲ. "ಸುಮ್ನೆ ತಮಾಷೆಗೆ..." ಅಂದೆ. ಆ ದನಿ ನನ್ನದಾಗಿರಲಿಲ್ಲ. ಯಾರದ್ದು ಅಂತಲೂ ಗೊತ್ತಾಗಲಿಲ್ಲ.

ಮಹದೇವನಿಗೆ ಅರ್ಥವಾಯಿತು. ನನ್ನ ಕೈ ಬಿಟ್ಟ.

ಪಂಕಜ ಅವನ ಹತ್ತಿರ ಬಂದಳು. ಸಣ್ಣ ಸಣ್ಣ ಹೆಜ್ಜೆ. ಭುಜ ಬಿಗಿ. ಜಡೆಯನ್ನ ಮುಂದಕ್ಕೆ ತಂದು ಮುಷ್ಟಿಯಲ್ಲಿ ಹಿಡಿದಿದ್ದಳು. ದೀಪಾವಳಿಯಿಂದ ಅವಳು ನಡೆಯೋದೇ ಹಾಗೆ. "ಏನೇ, ಮದುವಣಗಿತ್ತಿ ವೈಯಾರ ಬಂತಲ್ಲೇ!" ಅಂತ ನಾನೇ ಅಣಕಿಸಿದ್ದೆ. ಊರವರ ನಡಿಗೆಯನ್ನೆಲ್ಲ ನೋಡಿ ಕಲಿಯೋ ಕಣ್ಣು ಇದು. ಎಂಥ ಕಣ್ಣು, ಬಿಡಿ!

"ನಿಮ್ಮ ಬೋರ್ಡ್ ನೋಡಿ ಜನ ನಗ್ತಾರಲ್ಲ, ಆ ಪಂಕಜ ನಾನೇ," ಅಂದಳು ಮಹದೇವನಿಗೆ. "ಬೇಡ ಅನ್ನಿಸಿದ್ರೆ ಈಗ್ಲೇ ಅಂದ್ಬಿಡಿ. ನಾಳೆ ಮಂಟಪದಲ್ಲಿ ಬೇಡ."

ಮಾವ ಕುರ್ಚಿಯಿಂದ ಎದ್ದರು. ಮಹದೇವ ನನ್ನ ಥರ್ಮೋಕೋಲನ್ನ ನೋಡಿದ, ಅವಳನ್ನ ನೋಡಿದ.

"ಬೋರ್ಡ್ ಇಳಿಸ್ತೀನಿ," ಅಂದ. ಅಷ್ಟೇ.

ಮದುವೆ ಆಯಿತು. ಹಿಂದಿನ ರಾತ್ರಿಯೇ ಹೆಸರನ್ನ ಮತ್ತೆ ಕೊರೆದಿದ್ದೆ, ಸಪೂರವಾಗಿ, ನೆಟ್ಟಗೆ. ಪಂಕಜ ಮಂಟಪಕ್ಕೂ ಅದೇ ಬಿಗಿ ಹೆಜ್ಜೆಯಲ್ಲಿ ಬಂದಳು. ನಾನು ಊಟಕ್ಕೆ ಕೂರಲಿಲ್ಲ.

ಈ ವಾರವೆಲ್ಲ ನಂಜುಂಡನನ್ನೂ ಎಳೆದುಕೊಂಡು ಗೋಡೆ ಗೋಡೆಗೂ ಬಿಳಿ ಪೇಂಟ್ ಬಳೀತಿದೀನಿ. ಅಕ್ಷರ ಹೋಗುತ್ತೆ. ನಾನು ಕದ್ದ ನಡಿಗೆಯನ್ನ ಅವಳಿಗೆ ಹೇಗೆ ವಾಪಸ್ ಕೊಡಲಿ?