ಒಟ್ಟಮ್ಮನ ಅಳತೆ

ನನ್ನ ಚಿಕ್ಕಮ್ಮನಿಗೆ ಆಫೀಸಿನವರು ಇಟ್ಟ ಅಡ್ಡಹೆಸರು ಒಟ್ಟಮ್ಮ. ಎದುರಿಗೆ ಮೇಡಂ, ಬೆನ್ನ ಹಿಂದೆ ಒಟ್ಟಮ್ಮ. ಯಾವ ಕಡತ ಮುಂದಿಟ್ಟರೂ "ಅದು ಸರಿ, ಒಟ್ಟು ಎಷ್ಟಾಯ್ತು?" ಎಂದು ಕೇಳುತ್ತಾಳೆ ಎಂಬುದು ಅವರ ದೂರು. ಚಿಕ್ಕಮ್ಮನಿಗೆ ಇದು ಗೊತ್ತು. "ಹೆಸರು ಚೆನ್ನಾಗೇ ಇದೆ, ಮೈಗೂ ಒಪ್ಪತ್ತೆ" ಎಂದು ತನ್ನ ದಪ್ಪ ಮೈಯನ್ನು ತಾನೇ ನೋಡಿಕೊಂಡು ನಗುತ್ತಾಳೆ. ಆ ಹೆಸರು ಹೇಗೆ ಬಂತೆಂದು ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ದೊಡ್ಡ ಮನುಷ್ಯರ ಬಗ್ಗೆ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ರಸ್ತೆ ಇಲಾಖೆಯ ಮೂರನೇ ಮಹಡಿಯಲ್ಲಿ, ಫ್ಯಾನಿನ ಗಾಳಿ ತಲುಪದ ಮೂಲೆಯಲ್ಲಿ ಕೂತವಳ ಬಗ್ಗೆ ನಾನೇ ಬರೆಯಬೇಕು.

ಅವಳ ಕೆಲಸ ಇಷ್ಟು. ಎಲ್ಲಾದರೂ ರಸ್ತೆ, ಸೇತುವೆ, ರೈಲು ಹಳಿ, ಬಸ್ ಡಿಪೋ ಕಟ್ಟಬೇಕೆಂದರೆ, ಅದರಿಂದ ಅಲ್ಲಿನ ನೀರಿಗೆ, ಮಣ್ಣಿಗೆ, ಗಿಡಮರಕ್ಕೆ, ಜನಕ್ಕೆ ಏನಾಗುತ್ತದೆ ಎಂದು ಮೊದಲೇ ನೋಡಿ ವರದಿ ಬರೆಯಬೇಕು. ಬಹಳ ಮಂದಿ ಇದನ್ನು ಕುರ್ಚಿ ಬಿಟ್ಟು ಏಳದೆಯೇ ಬರೆಯುತ್ತಾರೆ. ಚಿಕ್ಕಮ್ಮ ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು, ಅಳತೆ ಗುರುತು ಹಾಕಿದ ಕೋಲು ಹಿಡಿದು ಕೆಸರಿಗೆ ಇಳಿಯುತ್ತಾಳೆ. ವಾಪಸು ಬರುವಾಗ ಬಸ್ಸಿನಲ್ಲಿ ಯಾರೂ ಪಕ್ಕದಲ್ಲಿ ಕೂರಿಸಿಕೊಳ್ಳುವುದಿಲ್ಲ. ಒಮ್ಮೆ ಕಂಡಕ್ಟರು, "ಅಮ್ಮಾ, ಟಿಕೆಟ್ ನಿಮಗೊಬ್ಬರಿಗೇನಾ, ಕೆರೆಗೂ ಒಂದು ಕೊಡಲಾ?" ಎಂದನಂತೆ. "ಕೆರೆ ಪಾಸ್ ಇಟ್ಟಿದೆ" ಎಂದಳಂತೆ ಇವಳು.

ನಾವು ಮೂವರೂ ಒಂದೇ ಮನೆಯಲ್ಲಿದ್ದೆವು. ಕೆಳಗೆ ಅಮ್ಮ ಮತ್ತು ನಾನು, ಮೇಲಿನ ಕೋಣೆಯಲ್ಲಿ ಅಮ್ಮನ ತಂಗಿ ಈ ಚಿಕ್ಕಮ್ಮ. ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಊರಿನ ಲಾರಿಗಳೆಲ್ಲ ಹಾದುಹೋಗುವುದು ನಮ್ಮ ಬೀದಿಯಲ್ಲೇ. ನಮ್ಮ ಮುಂದಿನ ಕೋಣೆಗೆ ಗೋಡೆ ತುಂಬುವ ಕಿಟಕಿ ಇತ್ತು. ಆದರೆ ಅದನ್ನು ತೆಗೆದರೆ ಬೆಳಗಿನ ಬಿಳಿ ಬಟ್ಟೆ ಸಂಜೆಗೆ ಬೂದಿ ಬಣ್ಣ. ಲಾರಿ ಹೋದಾಗಲೆಲ್ಲ ನೆಲ ಅದುರಿ ಹೊಲಿಗೆ ತಪ್ಪುತ್ತಿತ್ತು. ಹಾಗಾಗಿ ಮಷೀನು ಹಿಂದಿನ ಕೋಣೆ ಸೇರಿತ್ತು. ಅಲ್ಲಿ ಹಗಲಲ್ಲೂ ಬಲ್ಬು. ಅಮ್ಮನ ಕಣ್ಣು ವರ್ಷದಿಂದ ವರ್ಷಕ್ಕೆ ಸೋಲುತ್ತಿತ್ತು. ಕಪ್ಪು ಬಟ್ಟೆಗೆ ಕಪ್ಪು ದಾರ ಎಂದರೆ ಮೂಗನ್ನೇ ಬಟ್ಟೆಗೆ ತಾಗಿಸಿಕೊಂಡು ಹೊಲಿಯುತ್ತಿದ್ದಳು. ಮಷೀನನ್ನು ಮುಂದಿನ ಕೋಣೆಗೆ ತರಬೇಕು, ಕಿಟಕಿ ತೆಗೆದು ಬೆಳಕಲ್ಲಿ ಕೂರಬೇಕು, ಅವಳಿಗಿದ್ದ ಆಸೆ ಇದೊಂದೇ.

ಅದಕ್ಕೇ ಬೈಪಾಸ್ ರಸ್ತೆಯ ಸುದ್ದಿ ಬಂದ ದಿನ ಅಮ್ಮನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಇನ್ನು ಮುಂದೆ ಲಾರಿಗಳು ಊರ ಹೊರಗೆ, ಕೆರೆಯಂಚಿನಲ್ಲಿ ಹೋಗುತ್ತವೆ. ಅಮ್ಮ ಟೇಪು ತಂದು ಮುಚ್ಚಿದ ಕಿಟಕಿಯನ್ನು ಅಳೆದು, ಹಳದಿ ಬಟ್ಟೆಯಲ್ಲಿ ಪರದೆ ಹೊಲಿದಿಟ್ಟಳು. ಆ ರಸ್ತೆಯ ವರದಿ ಬರೆಯುವ ಕೆಲಸ ಚಿಕ್ಕಮ್ಮನಿಗೇ ಬಂತು.

"ಬೇಗ ಬರೆದು ಬಿಸಾಕು ಕಣೇ" ಎಂದಳು ಅಮ್ಮ.

"ಬರೆಯೋಕೆ ಹೆಚ್ಚೇನೂ ಇಲ್ಲ ಬಿಡಕ್ಕಾ. ಅಂಚಲ್ಲಿ ಒಂದಿಷ್ಟು ಜೊಂಡು ಹೋಗತ್ತೆ, ಅಷ್ಟೇ."

ಜೊಂಡು ಎಂದರೆ ಕೆರೆಯಂಚಿನ ನೀರಲ್ಲಿ ಆಳೆತ್ತರ ಬೆಳೆಯುವ ಹುಲ್ಲು. ಊರಿನ ಚರಂಡಿ ನೀರು ಕೆರೆ ಸೇರುವ ಮೊದಲು ಅದರ ಬೇರುಗಳ ನಡುವೆ ಸೋಸಿಕೊಂಡು ಹೋಗುತ್ತದೆ. ಕೆರೆಯ ಕೆಳಗಿನ ಓಣಿಗಳ ಬಾವಿ ನೀರು ಬಾಯಿಗಿಡುವಂತಿರುವುದು ಅದರಿಂದ. ಚಿಕ್ಕಮ್ಮ ಬೂಟು ಹಾಕಿಕೊಂಡು ಹೋದಳು. ಬಂದಾಗ ಮುಖ ಬಾಡಿತ್ತು. ನೀರು ಹಸಿರು ಕಟ್ಟಿದೆ, ಒಂದು ಓಣಿಯ ಬಾವಿಯಲ್ಲಿ ವಾಸನೆ ಬರುತ್ತಿದೆ, ಯಾಕೆಂದು ಗೊತ್ತಾಗುತ್ತಿಲ್ಲ ಎಂದಳು.

ಆ ಸಂಜೆ ಅವಳು ಅಮ್ಮನ ಬಟ್ಟೆ ಕತ್ತರಿಸುವ ಮೇಜಿನ ಒಂದು ತುದಿಯಲ್ಲಿ ಕೆರೆಯ ನಕ್ಷೆ ಹರಡಿಕೊಂಡಿದ್ದಳು. ಮನೆಯಲ್ಲಿ ಅಷ್ಟು ದೊಡ್ಡ ಮೇಜು ಇದ್ದದ್ದು ಅದೊಂದೇ. ಇನ್ನೊಂದು ತುದಿಯಲ್ಲಿ ಅಮ್ಮ ಯಾರದೋ ಕೋಟಿನ ಹೊಲಿಗೆ ಬಿಚ್ಚುತ್ತಾ, ಅದನ್ನು ಹಿಂದೆ ಹೊಲಿದ ದರ್ಜಿಗೆ ಬಯ್ಯುತ್ತಿದ್ದಳು.

"ನೋಡಿಲ್ಲಿ. ಪ್ರತಿ ಸಲ ಈಗಿರೋ ಹೊಲಿಗೆಯಿಂದ ಸ್ವಲ್ಪ ಒಳಗೆ, ಸ್ವಲ್ಪ ಒಳಗೆ ಅಂತ ಹಿಡ್ಕೊಂಡು ಬಂದಿದಾನೆ. ಒಂದೊಂದು ಸಲಾನೂ ಬೆರಳಗಲವೇ. ಈಗ ತೋಳಿಗೆ ಕೈ ತೂರಲ್ಲ. ಹಳೇ ಹೊಲಿಗೆ ಬಿಚ್ಚಿ, ಮೊದಲು ಬಟ್ಟೆ ಎಷ್ಟಿತ್ತೋ ಅಲ್ಲಿಂದ ಅಳೀಬೇಕು. ಈಗಿರೋದರಿಂದ ಅಳೆದರೆ ಯಾವಾಗ್ಲೂ ಸ್ವಲ್ಪಾನೇ ಕಾಣ್ಸೋದು."

ಚಿಕ್ಕಮ್ಮನ ಪೆನ್ಸಿಲು ನಿಂತಿತು. ಎದ್ದು ಮೇಲೆ ಹೋಗಿ ಮೂರು ಹಳೆಯ ವರದಿ ತಂದಳು. ಒಂದು ಗೂಡ್ಸ್ ರೈಲಿನ ಯಾರ್ಡಿನದು, ಒಂದು ಬಸ್ ಡಿಪೋದ್ದು, ಇನ್ನೊಂದು ಸೇತುವೆ ಅಗಲ ಮಾಡಿದ್ದು. ಎಲ್ಲವೂ ಅದೇ ಕೆರೆಯ ಅದೇ ಅಂಚಿನಲ್ಲಿ ಆದ ಕೆಲಸ, ಎಲ್ಲ ವರದಿಯೂ ಅವಳದೇ. ಮೂರರಲ್ಲೂ ಒಂದೇ ಸಾಲು: ಈಗಿರುವ ಜೊಂಡಿನಲ್ಲಿ ಅತ್ಯಲ್ಪ ಭಾಗ ಮಾತ್ರ ನಷ್ಟ. ಆದರೆ ಡಿಪೋದ ವರದಿಯ 'ಈಗಿರುವ' ಎಂದರೆ ಯಾರ್ಡು ತಿಂದು ಬಿಟ್ಟದ್ದು. ಸೇತುವೆಯ ವರದಿಯ 'ಈಗಿರುವ' ಎಂದರೆ ಡಿಪೋ ತಿಂದು ಬಿಟ್ಟದ್ದು. ಹಿಂದಿನ ನಷ್ಟವನ್ನು ಮುಂದಿನ ವರದಿ ನುಂಗಿಕೊಂಡೇ ಬಂದಿತ್ತು. ಇಲಾಖೆಯಲ್ಲಿ ಎಲ್ಲರೂ ಬರೆಯುವುದು ಹಾಗೆಯೇ. ಹನಿಗೂಡಿದರೆ ಹಳ್ಳ ಎಂದು ನಮಗೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದರು. ಹನಿ ಹನಿಯಾಗಿಯೇ ಹಳ್ಳ ಬತ್ತುವುದೂ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಅಮ್ಮ ಬಟ್ಟೆಯ ಪಡಿಯಚ್ಚು ತೆಗೆಯಲು ಇಟ್ಟುಕೊಂಡಿದ್ದ ತೆಳು ಕಾಗದವನ್ನು ಚಿಕ್ಕಮ್ಮ ಕೇಳದೆಯೇ ಎಳೆದುಕೊಂಡಳು. ಮೊದಲಿದ್ದ ಜೊಂಡನ್ನು ಒಂದು ಹಾಳೆಯಲ್ಲಿ ಹಸಿರು ಬಣ್ಣದಲ್ಲಿ ಬರೆದು, ಒಂದೊಂದು ಕೆಲಸ ತಿಂದ ಜಾಗವನ್ನು ಬೇರೆ ಬೇರೆ ಹಾಳೆಯಲ್ಲಿ ಕಪ್ಪು ಮಾಡಿ, ಒಂದರ ಮೇಲೊಂದು ಇಟ್ಟಳು. ಅಗಲವಾದ ಪಟ್ಟಿಯಂತಿದ್ದ ಜೊಂಡು ಚರಂಡಿ ಬಾಯಿಯ ಹತ್ತಿರ ಒಂದು ಚೂರಾಗಿ ಉಳಿದಿತ್ತು. ಬೈಪಾಸ್ ಹೋಗುವುದು ಆ ಚೂರಿನ ಮೇಲೆ. ಅವಳು ಬಹಳ ಹೊತ್ತು ಹಾಳೆಗಳ ಮೇಲೆ ಕೈ ಊರಿಕೊಂಡು ನಿಂತಿದ್ದಳು. ಅಮ್ಮ "ನನ್ನ ಕಾಗದ ಹಾಳು ಮಾಡಬೇಡ" ಎಂದದ್ದು ಕೇಳಿಸಿದಂತೆ ಕಾಣಲಿಲ್ಲ.

ಮರುದಿನ ಅವಳು ಹಾಳೆಗಳನ್ನು ಒಯ್ದು ಮೇಲಧಿಕಾರಿಗೆ ತೋರಿಸಿದಳು. ಅವರು ಒಳ್ಳೆಯವರೇ, ಆದರೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಪೈಕಿ. "ನಮ್ಮ ಮುಂದಿರೋದು ಬೈಪಾಸ್ ಒಂದೇ. ಉಳಿದದ್ದೆಲ್ಲ ಮುಗಿದ ಕಥೆ. ಕೆದಕಿದರೆ ನಿಮ್ಮ ಸಹಿನೇ ಮೇಲೆ ಬರೋದು, ನೋಡ್ಕೊಳ್ಳಿ" ಎಂದರಂತೆ. "ಬರಲಿ ಸರ್, ನನ್ನದೇ ತಾನೆ" ಎಂದು ಬಂದಳು ಚಿಕ್ಕಮ್ಮ. ತನ್ನ ತಲೆ ಮೇಲೆ ತಾನೇ ಚಪ್ಪಡಿ ಎಳೆದುಕೊಳ್ಳುವವರನ್ನು ಕಂಡರೆ ನನಗೆ ಸಾಮಾನ್ಯವಾಗಿ ಸಿಟ್ಟು ಬರುತ್ತದೆ. ಅವತ್ತು ಬರಲಿಲ್ಲ, ಹೆಮ್ಮೆಯಾಯಿತು.

ಚಿಕ್ಕಮ್ಮ ಬೈಪಾಸಿಗೆ ಅಡ್ಡ ನಿಂತ ವಿಷಯ ಅಮ್ಮನಿಗೆ ತಿಳಿದಾಗ ಮನೆ ಒಲೆಯಾಯಿತು.

"ಅಲ್ವೇ, ನನ್ನ ಮೇಜು, ನನ್ನ ಕಾಗದ, ನನ್ನ ಮಾತು. ನನ್ನ ಕತ್ತರಿಯಿಂದಾನೇ ನನ್ನ ಬಟ್ಟೆ ಕತ್ತರಿಸಿದೆಯಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ ಅಂತ ನಿನ್ನಂಥವರನ್ನ ನೋಡೇ ಹೇಳಿರೋದು. ನನ್ನ ಕಣ್ಣು ಹೋದರೂ ಪರವಾಗಿಲ್ಲ, ನಿನ್ನ ಹುಲ್ಲು ಉಳೀಬೇಕು."

"ಹುಲ್ಲು ಹೋದರೆ ಓಣಿಯವರ ನೀರು ಹೋಗತ್ತೆ ಅಕ್ಕಾ."

"ಓಣಿಯವರು ನಿನಗೆ ಜಡೆ ಹೆಣೆದು ಶಾಲೆಗೆ ಕಳಿಸಿದ್ರಾ?"

ಚಿಕ್ಕಮ್ಮ ಹಾಳೆಗಳನ್ನು ಸುತ್ತಿಕೊಂಡು ಮೇಲೆ ಹೋದಳು. ಅಮ್ಮ ಅಂದಿನಿಂದ ಅವಳ ಜೊತೆ ಮಾತು ಬಿಟ್ಟಳು. ಮಾತು ಬಿಟ್ಟಳೆಂದರೆ, ನನ್ನ ಮೂಲಕ ಆಡತೊಡಗಿದಳು. ಮೂವರೂ ಒಂದೇ ಅಡುಗೆಮನೆಯಲ್ಲಿ ನಿಂತಿರುತ್ತಿದ್ದೆವು. "ಮೇಲಿನ ಮೇಡಂಗೆ ಹೇಳು, ಟೀ ಆಗಿದೆ." "ಕೆಳಗಿನ ಮೇಡಂಗೆ ಹೇಳು, ಸಕ್ಕರೆ ಕಮ್ಮಿ." ಶಾಲೆಯಲ್ಲಿ ಮಕ್ಕಳಿಗೆ ಗಣಿತ ಹೇಳಿ ಗಂಟಲು ಒಣಗಿಸಿಕೊಂಡು ಬಂದ ನನಗೆ ಮನೆಯಲ್ಲಿ ಅಂಚೆ ಕೆಲಸ. ಚಿಕ್ಕಮ್ಮ ಆಗೆಲ್ಲ ಬೆಳಿಗ್ಗೆ ಬೇಗ ಎದ್ದು ಎದುರಿನ ಬೇಕರಿಯ ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದಳು. ಬೇಕರಿಯವರ ಜೊತೆ ಮಾತಾಡುತ್ತಾ ಹೋಗಿ ಬರುವ ಲಾರಿಗಳನ್ನು ನೋಡುತ್ತಿರುತ್ತಿದ್ದಳು. ಅಮ್ಮನ ಮುಖ ತಪ್ಪಿಸಲೆಂದೇ ಹೀಗೆ ಮಾಡುತ್ತಾಳೆ ಎಂದುಕೊಂಡು ನನಗೆ ಸಂಕಟವಾಗುತ್ತಿತ್ತು.

ರಸ್ತೆಯ ಬಗ್ಗೆ ಜನರ ಅಭಿಪ್ರಾಯ ಕೇಳುವ ಸಭೆ ನಗರಸಭೆಯ ಹಾಲಿನಲ್ಲಿ ಆಯಿತು. ನಮ್ಮ ಬೀದಿಯವರು ಒಬ್ಬರೂ ಉಳಿಯದೆ ಬಂದಿದ್ದರು. ಅಮ್ಮ ಮುಂದಿನ ಸಾಲಿನಲ್ಲೇ ಕೈಕಟ್ಟಿ ಕೂತಳು. ಚಿಕ್ಕಮ್ಮ ತೆಳು ಹಾಳೆಗಳನ್ನು ಹಾಲಿನ ಕಿಟಕಿ ಗಾಜಿಗೆ, ಬೆಳಕು ಹಿಂದಿನಿಂದ ಬರುವಂತೆ, ಒಂದರ ಮೇಲೊಂದು ಅಂಟಿಸುತ್ತಾ ಹೋದಳು. ಒಂದೊಂದು ಹಾಳೆ ಬಿದ್ದಾಗಲೂ ಹಸಿರು ಕಿರಿದಾಯಿತು. ಕೊನೆಯ ಹಾಳೆ ಬೈಪಾಸಿನದು. ಅದನ್ನು ಅಂಟಿಸಿದ ಮೇಲೆ ಹಸಿರು ಉಳಿಯಲಿಲ್ಲ.

"ಆ ಹಳೇ ವರದಿ ಬರೆದೋರು ಯಾರು?" ಎಂದು ಬೇಕರಿಯವರು ಕೇಳಿದರು.

"ನಾನೇ. ಮೂರೂ ನನ್ನವೇ. ಬಿಸ್ಕತ್ತಿನ ಡಬ್ಬಿ ಖಾಲಿಯಾದಾಗ ಎಲ್ಲರೂ ನಾನು ಒಂದೇ ತಗೊಂಡಿದ್ದು ಅಂತಾರಲ್ಲ, ಹಾಗೆ. ಒಂದೊಂದೂ ನಿಜ. ಒಟ್ಟು ಎಷ್ಟಾಯ್ತು ಅಂತ ಕೇಳಬೇಕಾದವಳು ನಾನು, ಕೇಳಲಿಲ್ಲ."

ಮೇಲಧಿಕಾರಿ ನೆಲ ನೋಡಿದರು. ಹಿಂದಿನಿಂದ ಯಾರೋ ಎದ್ದು, "ಹಾಗಾದ್ರೆ ನಾವು ಧೂಳು ಕುಡ್ಕೊಂಡೇ ಇರಬೇಕಾ?" ಎಂದರು. ಕುರ್ಚಿಗಳು ಸರಿದಾಡಿದವು, ಗದ್ದಲ ಎದ್ದಿತು. ಚಿಕ್ಕಮ್ಮ ಕಾದಳು. ಆಮೇಲೆ ಚೀಲದಿಂದ ಇನ್ನೊಂದು ಹಾಳೆಗಳ ಸುರುಳಿ ತೆಗೆದಳು. ಅದರಲ್ಲಿ ಇದ್ದದ್ದು ನಮ್ಮ ಬೀದಿ. ಬೇಕರಿಯ ಮೆಟ್ಟಿಲ ಮೇಲೆ ಕೂತು ಅವಳು ಲಾರಿಗಳನ್ನು ಎಣಿಸುತ್ತಿದ್ದಳೆಂದು ನನಗೆ ಆಗ ಹೊಳೆಯಿತು.

"ಅದೇ ಮೂರು ವರದಿಯಲ್ಲಿ ಇನ್ನೊಂದು ಸಾಲೂ ಇದೆ. ಈ ಬೀದಿಯಲ್ಲಿ ಲಾರಿ ಸ್ವಲ್ಪ ಹೆಚ್ಚಬಹುದು ಅಂತ. ಯಾರ್ಡು ಬಂದಾಗ ಸ್ವಲ್ಪ, ಡಿಪೋ ಬಂದಾಗ ಸ್ವಲ್ಪ, ಸೇತುವೆ ಅಗಲ ಆದಾಗ ಸ್ವಲ್ಪ. ಕೆರೆಗೆ ಮಾಡಿದ್ದನ್ನೇ ಬೀದಿಗೂ ಮಾಡಿದೀವಿ. ಇಲ್ಲಿ ಕಿಟಕಿ ತೆಗೆಯೋಕಾಗದೆ, ಹಗಲಲ್ಲೇ ಬಲ್ಬು ಹಾಕ್ಕೊಂಡು ಕಪ್ಪು ಬಟ್ಟೆ ಹೊಲಿಯೋರಿದಾರೆ. ಅವರ ಕಣ್ಣನ್ನೂ ನಾನು ಲೆಕ್ಕಕ್ಕೆ ಹಿಡೀಬೇಕಿತ್ತು, ಹಿಡೀಲಿಲ್ಲ. ಈಗ ಹಿಡಿದಿದೀನಿ."

ಅವಳು ಕೇಳಿದ್ದು ಎರಡು. ಯಾರ್ಡಿಗೆ ಹೋಗುವ ಜೋಡಿ ಹಳಿಯಲ್ಲಿ ಒಂದು ಓಡಾಟವಿಲ್ಲದೆ ತುಕ್ಕು ಹಿಡಿದಿದೆ. ಆ ಹಳಿ ಕಿತ್ತು, ಅದನ್ನು ಹಾಸಿದ್ದ ಮಣ್ಣಿನ ದಿಬ್ಬದ ಮೇಲೇ ಹೊಸ ರಸ್ತೆ ಹೋಗಲಿ, ದಿಬ್ಬದ ಕೆಳಗೆ ನೀರಿಗೆ ದಾರಿ ಬಿಡಲಿ. ಅದು ಮುಗಿಯುವವರೆಗೆ ಹಗಲು ಹೊತ್ತು ನಮ್ಮ ಬೀದಿಯಲ್ಲಿ ಲಾರಿ ಬಿಡಬಾರದು. ರಸ್ತೆಯ ಎಂಜಿನಿಯರು ಗಡ್ಡ ಕೆರೆದುಕೊಂಡು, "ತಡ ಆಗತ್ತೆ. ಆದರೆ ಆಗದ ಕೆಲಸವೇನಲ್ಲ" ಎಂದರು.

ಅಮ್ಮ ಕಟ್ಟಿದ ಕೈ ಯಾವಾಗಲೋ ಬಿಚ್ಚಿದ್ದಳು. ಮೂವರೂ ಒಟ್ಟಿಗೆ ಮನೆಗೆ ಬಂದೆವು. ಬಾಗಿಲ ಬೀಗ ತೆಗೆಯುತ್ತಾ ಅಮ್ಮ, ನನ್ನನ್ನು ದಾಟಿ ನೇರವಾಗಿ ಚಿಕ್ಕಮ್ಮನಿಗೇ, "ಟೀ ಮಾಡ್ತೀನಿ. ಸಕ್ಕರೆ ನೀನೇ ಹಾಕ್ಕೋ" ಎಂದಳು. ನನ್ನ ಅಂಚೆ ಕೆಲಸ ಹೋಯಿತು.

ಎಲ್ಲ ಸುಸೂತ್ರವಾಗಿ ಆಯಿತೆಂದು ಹೇಳುವುದಿಲ್ಲ. ಚಿಕ್ಕಮ್ಮನಿಗೆ ಬರಬೇಕಿದ್ದ ಆ ವರ್ಷದ ಬಡ್ತಿ ಬೇರೆಯವರ ಪಾಲಾಯಿತು. ಅಡ್ಡಹೆಸರು ಬಂದದ್ದೂ ಆಗಲೇ. ದಿಬ್ಬದ ಮೇಲಿನ ರಸ್ತೆ ಇನ್ನೂ ಕುಂಟುತ್ತಿದೆ, ಕತ್ತಲಾದರೆ ನಮ್ಮ ಮನೆಯ ಪಾತ್ರೆಗಳು ಈಗಲೂ ಕಟಕಟ ಎನ್ನುತ್ತವೆ. ಆದರೆ ಜೊಂಡಿನ ಚೂರು ಉಳಿಯಿತು. ಹಗಲು ಲಾರಿ ನಿಂತವು.

ನಿಂತ ಮೊದಲ ದಿನ ನಾವು ಮಷೀನನ್ನು ಮುಂದಿನ ಕೋಣೆಗೆ ತಳ್ಳಿದೆವು. ಹಳದಿ ಪರದೆ ಕಟ್ಟಿ, ಬಿಗಿದುಹೋಗಿದ್ದ ಕಿಟಕಿಯನ್ನು ಗುದ್ದಿ ತೆಗೆದೆವು. ಅಮ್ಮ ಬೆಳಕಿನಲ್ಲಿ ಕೂತು, ಕಪ್ಪು ಬಟ್ಟೆ ತೊಡೆಯ ಮೇಲಿಟ್ಟುಕೊಂಡು, ಸೂಜಿಗೆ ದಾರ ಹಾಕಲು ಹೋದಳು. ದಾರ ಪಕ್ಕಕ್ಕೆ ಹೋಯಿತು. ತುದಿ ಕತ್ತರಿಸಿ ಮತ್ತೆ ಹಾಕಿದಳು, ಮತ್ತೆ ಪಕ್ಕಕ್ಕೆ. ಸೂಜಿಯನ್ನು ಕಿಟಕಿಗೆ ಎತ್ತಿ ಹಿಡಿದಳು. ಕೋಣೆ ತುಂಬ ಬಿಸಿಲಿತ್ತು, ಅವಳಿಗೆ ಸೂಜಿಯ ಕಣ್ಣು ಕಾಣಲಿಲ್ಲ.

"ಬೆಳಕು ಬಂದರೆ ಸರಿಹೋಗತ್ತೆ ಅಂದ್ಕೊಂಡಿದ್ದೆ" ಎಂದಳು.

ಆಫೀಸಿಗೆ ಹೊರಟಿದ್ದ ಚಿಕ್ಕಮ್ಮ ಚೀಲ ಕೆಳಗಿಟ್ಟು, ಬೂಟುಗಾಲಲ್ಲೇ ಬಂದು, ಅಕ್ಕನ ಕೈಯಿಂದ ದಾರ ತೆಗೆದುಕೊಂಡು, ತುದಿಯನ್ನು ತುಟಿಗೆ ತಾಗಿಸಿ ಪೋಣಿಸಿದಳು.

"ಇದನ್ನೂ ಕೂಡಿಸ್ಕೋ" ಎಂದಳು ಅಮ್ಮ.

"ಕೂಡಿಸಿದೀನಿ ಅಕ್ಕಾ."

ಈಗ ದಿನಾ ಬೆಳಿಗ್ಗೆ ಹೊರಡುವ ಮೊದಲು ಚಿಕ್ಕಮ್ಮ ಮಷೀನಿಗೆ ದಾರ ಹಾಕಿ, ಕೈಹೊಲಿಗೆಯ ಸೂಜಿಗಳನ್ನು ಪೋಣಿಸಿ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಡುತ್ತಾಳೆ, ಕಪ್ಪು ದಾರದವು ಒಂದು ಕಡೆ, ಬಿಳಿಯವು ಒಂದು ಕಡೆ. ಎಷ್ಟೋ ಸಲ ಬಸ್ಸು ತಪ್ಪಿದೆ, ಇದನ್ನು ಅವಳು ತಪ್ಪಿಸಿದ್ದಿಲ್ಲ.