ಹೊಗೆ ಕಂಡ ಮನೆಗೊಂದು ಪಾಲು

ತೂಬಿನಪಾಳ್ಯದ ವಸಂತಮ್ಮನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರವರು ಹೇಳುತ್ತಾರೆ. ಅಷ್ಟು ದೂರ ಬರುವ ತಾಳ್ಮೆ ಆ ಕೋಪಕ್ಕೆಲ್ಲಿದೆ ಎಂಬುದು ಅವಳ ಗಂಡ ಲಕ್ಷ್ಮಯ್ಯನ ಅಭಿಪ್ರಾಯ. ಅವನು ಇದನ್ನು ಹೇಳುವುದು ತೆಪ್ಪದಲ್ಲಿ ಕೂತು ಕೆರೆಯ ನಡುವೆ ಹೋದ ಮೇಲೆ ಮಾತ್ರ. ಹದಿನೇಳನೆಯ ವಯಸ್ಸಿಗೆ ಕನಕಪುರದ ಕಡೆಯಿಂದ ಈ ಬೆಸ್ತರ ಊರಿಗೆ ಸೊಸೆಯಾಗಿ ಬಂದವಳು ವಸಂತಮ್ಮ. ಆಗ ಕೆರೆಯ ಏರಿಯ ಮೇಲೆ ನಿಂತರೆ ಬೊಮ್ಮಸಂದ್ರದವರೆಗೆ ಬರೀ ರಾಗಿಹೊಲ ಕಾಣುತ್ತಿತ್ತು. ಈಗ ಅದೇ ಏರಿಯಿಂದ ನೋಡಿದರೆ ಒಂದು ಕಡೆ ಔಷಧಿ ಫ್ಯಾಕ್ಟರಿಯ ಕಾಂಪೌಂಡು, ಇನ್ನೊಂದು ಕಡೆ ನಂಜಪ್ಪನ ಬಾಡಿಗೆ ಸಾಲುಮನೆಗಳು. ಆದರೂ ಕೆರೆ ಇದೆ, ಮೀನಿದೆ. ಎಲೆಕ್ಟ್ರಾನಿಕ್ ಸಿಟಿಯಿಂದ ಕಾರಿನಲ್ಲಿ ಬಂದು ಕೊಳ್ಳುವವರೂ ಇದ್ದಾರೆ.

ಊರಲ್ಲಿ ಅವಳ ಹೆಸರು ನಿಂತಿರುವುದು ಮೀನು ಮಾರಿದ್ದಕ್ಕಲ್ಲ, ಪಾಲು ಹಾಕಿದ್ದಕ್ಕೆ. ಶಿವರಾತ್ರಿ ಕಳೆದ ಮೊದಲ ಭಾನುವಾರ ಕೆರೆಗೆ ವರ್ಷದ ಮೊದಲ ಬಲೆ ಬೀಳುತ್ತದೆ. ಆ ಬಲೆಯ ಒಂದು ಮೀನನ್ನೂ ಮಾರುವಂತಿಲ್ಲ. ಅದು ಗಂಗಮ್ಮನದು, ಗಂಗಮ್ಮ ಅದನ್ನು ಊರಿಗೆ ಕೊಟ್ಟಿದ್ದಾಳೆ. ಹಿಂದಿನ ಸಂಜೆ ಪಾಲು ಹಾಕುವ ಹೆಂಗಸು ಏರಿ ಹತ್ತಿ, ಊರ ಕಡೆ ತಿರುಗಿ, ಹೊಗೆ ಏಳುವ ಮನೆಗಳನ್ನು ಎಣಿಸಬೇಕು. ಹೊಗೆ ಕಂಡ ಮನೆಗೊಂದು ಪಾಲು. ಒಲೆ ಉರಿಯದ ಮನೆಗೆ ಪಾಲಿಲ್ಲ. ಮರುದಿನ ಅವಳು ಏರಿಯ ಮೇಲಿನ ಗಂಗಮ್ಮನ ಗುಡಿಯ ಮುಂದೆ ದೊಡ್ಡ ಈಳಿಗೆಮಣೆಯ ಮೇಲೆ ಕೂತು ಎಲ್ಲರಿಗೂ ಕತ್ತರಿಸಿ ಹಾಕಿ, ಕೊನೆಗೆ ತನ್ನ ಪಾಲು ತೆಗೆದುಕೊಳ್ಳಬೇಕು. ಅರ್ಧ ಪಾಲು ಪಾಲಲ್ಲ. ಲೆಕ್ಕದ ಒಂದು ಒಲೆ ಬರಿಗೈಲಿ ಹೋದರೂ ಅವಳು ಮಣೆ ಬಿಟ್ಟು ಏಳಬೇಕು, ಮತ್ತೆ ಕೂರುವಂತಿಲ್ಲ. ಅತ್ತೆ ಕೈಲಾಗದೆ ಎದ್ದ ವರ್ಷದಿಂದ ವಸಂತಮ್ಮ ಕೂರುತ್ತಿದ್ದಳು. ಒಮ್ಮೆಯೂ ತಪ್ಪಿರಲಿಲ್ಲ.

ತಪ್ಪು ಎದುರಿಗೆ ಬಂದು ನಿಂತದ್ದು ಹೋದ ವರ್ಷ. ಅದು ಎಷ್ಟೋ ವರ್ಷಗಳಿಂದ ಅವಳಿಗೆ ಗೊತ್ತಾಗದೆ ನಡೆದಿತ್ತು.

ಎಲ್ಲರಿಗೂ ಹಾಕಿ ಮುಗಿಸಿ ಸೆರಗಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಾಗ, ಒಬ್ಬ ಹೆಂಗಸು ಅಲ್ಯೂಮಿನಿಯಂ ಬೋಗುಣಿ ಹಿಡಿದು ಮುಂದೆ ಬಂದಳು. ನಂಜಪ್ಪನ ಸಾಲುಮನೆಯ ಶೇಖವ್ವ. ಕುಷ್ಟಗಿಯ ಕಡೆಯವಳು. ಔಷಧಿ ಫ್ಯಾಕ್ಟರಿಯಲ್ಲಿ ನೆಲ ಒರೆಸುವ ಕೆಲಸ, ಗಂಡ ಯಮನೂರನಿಗೆ ಕಾಂಕ್ರೀಟ್ ಕೆಲಸ. ಆರು ವರ್ಷದಿಂದ ಊರಲ್ಲೇ ಇದ್ದರೂ ಪಾಲು ಕೇಳಲು ಬಂದದ್ದು ಅದೇ ಮೊದಲು.

"ನಿಮ್ ಮನೇದು ಲೆಕ್ಕದಾಗಿಲ್ಲ ಕಣವ್ವ. ಒಗೆ ಎಣಿಸಿ ಆಗೋಯ್ತು" ಎಂದಳು ವಸಂತಮ್ಮ.

"ನಮ್ಮ ಮನ್ಯಾಗ ಗ್ಯಾಸ್ ಐತ್ರಿ ಯಕ್ಕಾ" ಎಂದಳು ಶೇಖವ್ವ. "ಹೊಗಿ ಎಲ್ಲಿಂದ ಬರಬೇಕ್ರಿ?"

ಅದರಲ್ಲಿ ಜಗಳವಿರಲಿಲ್ಲ. ಕೇಳಿ, ಬೋಗುಣಿಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಅವಳು ಹೊರಟುಹೋದಳು.

ವಸಂತಮ್ಮ ಮನೆಗೆ ಬಂದು ಸಾರಿಗೆ ಇಡಲು ಗ್ಯಾಸ್ ಹಚ್ಚಿದಳು. ಹಚ್ಚಿದವಳು ನೀಲಿ ಉರಿಯನ್ನೇ ನೋಡುತ್ತಾ ನಿಂತುಬಿಟ್ಟಳು. ಈ ಮನೆಗೆ ಗ್ಯಾಸ್ ಬಂದು ಹನ್ನೆರಡು ವರ್ಷವಾಗಿತ್ತು. ಊರಲ್ಲಿ ಸೌದೆ ಒಲೆ ಇದ್ದ ಮನೆ ಒಂದೂ ಉಳಿದಿರಲಿಲ್ಲ. ಹಾಗಾದರೆ ಇಷ್ಟು ವರ್ಷ ಏರಿ ಹತ್ತಿ ಅವಳು ಎಣಿಸಿದ್ದು ಏನನ್ನು? ಇಲ್ಲದ ಹೊಗೆಯನ್ನು! ಊರ ಕಡೆ ಮುಖ ಮಾಡಿ ನಿಂತು, ಬಾಯಿಪಾಠದ ಮಗ್ಗಿ ಒಪ್ಪಿಸುವಂತೆ ಹಳೆಯ ನಲವತ್ತೆರಡು ಮನೆಗಳ ಹೆಸರು ಹೇಳಿ ಇಳಿದು ಬರುತ್ತಿದ್ದಳು. ಕಣ್ಣೆದುರಿಗೇ ಸಾಲುಮನೆಗಳು ಎದ್ದಿದ್ದವು, ಅವು ಕಂಡಿರಲಿಲ್ಲ. ನಾಚಿಕೆ ಆಯಿತು. ನಾಚಿಕೆ ಹಳೆಯದಾದಂತೆ, ಅವಳ ಸ್ವಭಾವದ ಪ್ರಕಾರ, ಹಟವಾಯಿತು.

ಈ ವರ್ಷ ಶಿವರಾತ್ರಿಗೆ ಹದಿನೈದು ದಿನ ಮುಂಚೆ ಮೀನುಗಾರರ ಸಂಘ ಗಂಗಮ್ಮನ ಗುಡಿಯ ಜಗಲಿಯಲ್ಲಿ ಸೇರಿತು. ಅಧ್ಯಕ್ಷ ಲಕ್ಷ್ಮಣಪ್ಪ ವರಸೆಯಲ್ಲಿ ವಸಂತಮ್ಮನಿಗೆ ಬಾವ, ಲಕ್ಷ್ಮಯ್ಯನ ದೊಡ್ಡಪ್ಪನ ಮಗ. ಅವನು ಮಾತು ಮುಗಿಸುವಷ್ಟರಲ್ಲಿ ವಸಂತಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು.

"ಬಾವ, ಈ ಸಲ ಒಲೆ ಇರೋ ಮನೆಗೆಲ್ಲಾ ಪಾಲು. ಬಾಡಿಗೆ ಮನೆ, ಶೀಟ್ ಮನೆ, ಎಲ್ಲಕ್ಕೂ."

ಲಕ್ಷ್ಮಣಪ್ಪನಿಗೆ ಎಲೆಅಡಿಕೆ ನೆತ್ತಿಗೇರಿತು. "ತಲೆ ನೆಟ್ಟಗೈತಾ ನಿಂಗೆ? ಅವ್ರು ಇವತ್ತು ಬಂದು ನಾಳೆ ಓಗೋರು. ಇರೋ ಮೀನು ನಮ್ ನಲವತ್ತೆರಡು ಮನೆಗೇ ಅಲ್ಲಿಂದಲ್ಲಿಗೆ ಆಯ್ತದೆ."

"ನಾನೂ ಬಂದವ್ಳೇ ಬಾವ. ಬಂದ ವರ್ಷವೇ ನಂಗೆ ಪಾಲು ಆಕಿದ್ರು."

"ನೀನು ಸೊಸೆ ಕಣಮ್ಮ!"

"ಅವ್ರು ಒಕ್ಕಲು. ಒಗೆ ಕಂಡ ಮನೆಗೆ ಅಂದವ್ರೆ ಇರೀಕರು, ಯಾವ ಊರೋರ ಒಗೆ ಅಂತ ಕೇಳಿಲ್ಲ."

ಲಕ್ಷ್ಮಣಪ್ಪ ಕೆಟ್ಟವನಲ್ಲ. ಆದರೆ ಸಭೆಯಲ್ಲಿ ಹೆಂಗಸಿನ ಮುಂದೆ ಮಾತು ಸೋಲುವುದು ಅವನ ಜಾತಕದಲ್ಲೇ ಬರೆದಿರಲಿಲ್ಲ. "ಸರಿ, ಆಕು" ಎಂದ. "ಒಂದೇ ಒಂದು ಒಲೆ ತಪ್ಪಿದ್ರೂ ಮಣೆಯಿಂದ ಏಳ್ಬೇಕು. ನನ್ ಸೊಸೆ ಶಶಿಕಲಾ ಕೂರ್ತಾಳೆ. ಆಮೇಲೆ ಅಳೇ ಲೆಕ್ಕವೇ, ಮೂಲದ ಮನೆಗಳಿಗೆ ಮಾತ್ರ. ಬಾಡಿಗೆಯೋರ ಮಾತು ಮತ್ತೆ ಎತ್ತಂಗಿಲ್ಲ. ಒಪ್ಪಿಗೆನಾ?"

"ಒಪ್ಪಿಗೆ."

ಮೂಲೆಯಲ್ಲಿದ್ದ ಲಕ್ಷ್ಮಯ್ಯ ಕಣ್ಣು ಮುಚ್ಚಿಕೊಂಡ.

ಮರುದಿನದಿಂದ ಅವಳು ಮನೆಮನೆ ಹತ್ತಿ ಇಳಿದಳು. ಬಾಗಿಲು ಬಡಿಯುವುದು, ಒಲೆ ನೋಡುವುದು, ಕೈಚೀಲಕ್ಕೆ ಒಂದು ಹುಣಸೆಬೀಜ ಹಾಕುವುದು. ಒಂದೇ ಕೋಣೆಯಲ್ಲಿ ಆರು ಹುಡುಗರಿದ್ದರೂ ಒಲೆ ಒಂದೇ, ಬೀಜ ಒಂದೇ. ಕೆಲವರು ಅವಳನ್ನು ಸರ್ವೆಯವಳೆಂದು ತಿಳಿದು ಆಧಾರ್ ಕಾರ್ಡು ತಂದು ತೋರಿಸಿದರು. "ಅದಿಟ್ಕೊಳಪ್ಪ, ಒಲೆ ತೋರ್ಸು" ಎನ್ನುತ್ತಿದ್ದಳು. ಮೀನು ತಿನ್ನದವರು ನಕ್ಕು ಬೇಡವೆಂದರು, ಅವರಿಗೆ ಬೀಜವಿಲ್ಲ. ವಾರ ಕಳೆದು ಬೀಜಗಳನ್ನು ಸುರಿದು ಎಣಿಸಿದಾಗ, ತನ್ನದೂ ಸೇರಿ ಮುನ್ನೂರ ಹದಿನೆಂಟು.

ಹೆದರಿದಳು, ಸುಳ್ಳೇಕೆ ಹೇಳಬೇಕು. ಹೋದ ವರ್ಷದ ಬಲೆ ನೂರು ಪಾಲಿಗೂ ಸಾಲುತ್ತಿರಲಿಲ್ಲ.

"ಕೆರೇಲಿ ಇಷ್ಟು ಮೀನಿದ್ದಾವ?" ಎಂದು ಗಂಡನನ್ನು ಕೇಳಿದಳು.

ಲಕ್ಷ್ಮಯ್ಯ ಬಲೆಯ ಹರುಕಿಗೆ ಗಂಟು ಹಾಕುತ್ತಾ ತಲೆಯೆತ್ತದೆ ಹೇಳಿದ: "ಮೀನಿಗೇನು ಬರ? ಎಳೆಯೋ ಕೈಗೆ ಬರ. ಅಪ್ಪನ ಕಾಲದಾಗೆ ಮೂರು ತುಂಡು ಬಲೆ ಜೋಡ್ಸಿ ಈ ದಡದಿಂದ ಆ ದಡಕ್ಕೆ ಬಿಡ್ತಿದ್ರು. ಈಗ ಉಡುಗ್ರೆಲ್ಲ ಡ್ರೈವರು, ಸೆಕ್ಯುರಿಟಿ. ಉಳಿದಿರೋದು ಒಂಬತ್ತು ಜನ. ಒಂದು ತುಂಡು ಎಳೆಯೋದೇ ಎಚ್ಚು. ಇನ್ನೆರಡು ಸಂಘದ ಕೋಣೇಲಿ ಬಿದ್ದವೆ."

ವಸಂತಮ್ಮ ಬೀಜದ ಗುಡ್ಡೆ ನೋಡಿದಳು. ಮುನ್ನೂರ ಹದಿನೆಂಟು ಒಲೆ ಎಂದರೆ ಏನಿಲ್ಲವೆಂದರೂ ಆರುನೂರು ಕೈ. ಚಪ್ಪಲಿ ಮೆಟ್ಟಿಕೊಂಡು ಮತ್ತೆ ಸಾಲುಮನೆಗೆ ಹೊರಟಳು. ಶೇಖವ್ವನ ಗಂಡ ಯಮನೂರ ಆಗಷ್ಟೇ ಕೆಲಸದಿಂದ ಬಂದು ಕಾಲು ತೊಳೆಯುತ್ತಿದ್ದ.

"ಭಾನುವಾರ ಬಲೆ ಅಗ್ಗ ಇಡೀತೀಯೇನಪ್ಪ? ನಿಮ್ಮೋರನ್ನೆಲ್ಲ ಕರ್ಕೊಂಡು?"

"ಹಿಡಿತೀವ್ರಿ ಅಕ್ಕಾರ" ಎಂದ ಯಮನೂರ. "ದಿನಾ ಸಿಮೆಂಟ್ ಎಳಿಯೂ ಮಂದಿ. ಮೀನ್ ಏನ್ ಭಾರ?"

ಭಾನುವಾರ ಸೂರ್ಯ ಫ್ಯಾಕ್ಟರಿಯ ಕಾಂಪೌಂಡು ದಾಟುವ ಮೊದಲೇ ಏರಿ ತುಂಬಿಹೋಗಿತ್ತು. ಗಂಗಮ್ಮನಿಗೆ ಅರಿಶಿನ ಕುಂಕುಮ ಏರಿಸಿ, ಮೂರು ತುಂಡು ಜೋಡಿಸಿದ ಬಲೆಯನ್ನು ಲಕ್ಷ್ಮಯ್ಯ ತೆಪ್ಪದಲ್ಲಿ ಸುತ್ತುಹಾಕಿ ಬಿಟ್ಟು ಬಂದ. ಎಡಗಡೆ ಹಗ್ಗಕ್ಕೆ ಬೆಸ್ತರೂ ಅವರ ನೆಂಟರೂ. ಅಧ್ಯಕ್ಷಗಿರಿ ಬದಿಗಿಟ್ಟು ಲಕ್ಷ್ಮಣಪ್ಪನೂ ಪಂಚೆ ಕಟ್ಟಿ ನಿಂತಿದ್ದ. ಬಲಗಡೆ ಯಮನೂರನ ದಂಡು, ಕೊಪ್ಪಳ, ರಾಯಚೂರು, ಯಾದಗಿರಿಯ ಎಪ್ಪತ್ತು ಎಂಬತ್ತು ಜನ. "ಐಸಾ!" ಎಂದ ಯಮನೂರ. "ಐಸಾ!" ಎಂದಿತು ದಂಡು.

ಅಲ್ಲೇ ಕೆಟ್ಟಿತು. ಸಿಮೆಂಟ್ ಎಳೆಯುವವರಿಗೆ ಜೋರು ಗೊತ್ತು, ನಿಧಾನ ಗೊತ್ತಿಲ್ಲ. ಬೆಸ್ತರು ಒಂದು ಮೊಳ ಎಳೆಯುವಷ್ಟರಲ್ಲಿ ಅವರು ಮಾರುದ್ದ ಎಳೆದಿದ್ದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ಏರಿಯ ಮೇಲೆಯೇ ನಡೆಯುತ್ತಿತ್ತು. ಬಲಗಡೆ ಬಲೆಯ ಅಡಿಹಗ್ಗ ನೆಲ ಬಿಟ್ಟು ಮೇಲೆದ್ದು, ಕೆಳಗಿನಿಂದ ಮೀನು ನುಸುಳತೊಡಗಿತು. ದಪ್ಪ ಕಟ್ಲಾ ಮೀನೊಂದು ಬಲೆಯ ಮೇಲಿಂದಲೇ ಹಾರಿ ಎಲ್ಲರೂ ನೋಡುತ್ತಿದ್ದಂತೆ ಆಚೆ ಬಿತ್ತು.

"ನೋಡಮ್ಮ ನಿನ್ ಒಕ್ಕಲುಗಳ ಕೆಲ್ಸ!" ಎಂದು ಲಕ್ಷ್ಮಣಪ್ಪ ಕೂಗಿದ.

ಪಾಲು ಹಾಕುವವಳು ಆ ದಿನ ಮಣೆ ಬಿಟ್ಟು ಕದಲುವುದಿಲ್ಲ. ವಸಂತಮ್ಮ ಕದಲಿದಳು. ಸೀರೆ ಎತ್ತಿ ಕಟ್ಟಿ, ಏರಿಯಿಂದ ಇಳಿದು, ಮೊಣಕಾಲುದ್ದದ ಕೆಸರಿಗೆ ಕಾಲಿಟ್ಟು, ಅಡಿಹಗ್ಗವನ್ನು ಎರಡೂ ಪಾದಗಳಲ್ಲಿ ತುಳಿದು ನಿಂತಳು.

"ನಿಲ್ಸ್ರೋ! ನಾನ್ ಕೈ ಎತ್ತಿದಾಗ ಮಾತ್ರ ಎಳೀರಿ. ಎಣ್ಮಕ್ಕಳು ಇಳೀರಿ ಕೆಳಕ್ಕೆ, ಈ ಅಗ್ಗ ತುಳ್ಕೊಂಡು ಬನ್ನಿ. ಮೇಲೇಳ್ಬಾರ್ದು!"

ಮೊದಲು ಇಳಿದವಳು ಶೇಖವ್ವ. ಅವಳ ಹಿಂದೆ ಸಾಲುಮನೆಯ ಹತ್ತಾರು ಹೆಂಗಸರು. ಆ ಕಡೆಯಿಂದ, ಮಾವ ನೋಡುತ್ತಿದ್ದಾನೆಂದೂ ಲೆಕ್ಕಿಸದೆ, ಶಶಿಕಲಾ ಕೂಡ ಇಳಿದಳು. ವಸಂತಮ್ಮ ಕೈ ಎತ್ತಿದಾಗ ಎರಡೂ ದಂಡು ಎಳೆದವು, ಇಳಿಸಿದಾಗ ನಿಂತವು. ಎರಡು ಗಂಟೆ ಹೀಗೆ ಸಾಗಿತು. ಬಲೆ ದಡಕ್ಕೆ ಬಂದಾಗ ಅದರೊಳಗೆ ನೀರಿಗಿಂತ ಮೀನು ಹೆಚ್ಚಿತ್ತು. ಕಟ್ಲಾ, ರೋಹು, ಲೆಕ್ಕವಿಲ್ಲದಷ್ಟು ಜಿಲೇಬಿ ಮೀನು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಅವತ್ತು ಊರಿಗೆ ಊರೇ ಕತ್ತಿನವರೆಗೂ ಕೆಸರಾಗಿತ್ತು.

ಬೆಳಿಗ್ಗೆ ಹತ್ತಕ್ಕೆ ಮತ್ತೆ ಮಣೆಯ ಮೇಲೆ ಕೂತವಳು ಮಧ್ಯಾಹ್ನ ಮೂರಾದರೂ ಏಳಲಿಲ್ಲ. ದೊಡ್ಡ ಮೀನು ನಾಲ್ಕು ಪಾಲು, ಮಧ್ಯಮದ್ದು ಎರಡು, ಜಿಲೇಬಿಯಾದರೆ ಒಂದೊಂದು. ಒಂದು ಪಾಲು ಹೋದ ಹಾಗೆ ಒಂದು ಹುಣಸೆಬೀಜ ಚೀಲದಿಂದ ತಟ್ಟೆಗೆ. ಹಳೆಮನೆ ಹೊಸಮನೆ ಎಂದು ಸಾಲು ಬೇರೆ ಮಾಡಲಿಲ್ಲ, ಮುಂದೆ ಬಂದವರಿಗೆ ಮುಂದೆ. ಅಂಗೈ ಕುಯ್ದು ಎರಡು ಕಡೆ ರಕ್ತ ಬಂದಿತ್ತು. ಶಶಿಕಲಾ ನೀರು ಹುಯ್ಯುತ್ತಾ, "ಸ್ವಲ್ಪ ಹೊತ್ತು ನಾನ್ ಕತ್ತರಿಸ್ಲಾ ಅತ್ತೆ?" ಎಂದಾಗ ಬೇಡವೆಂದು ತಲೆಯಾಡಿಸಿದಳು. ಚೀಲದಲ್ಲಿ ಒಂದೇ ಬೀಜ ಉಳಿಯಿತು. ಮುಂದೆ ಅಂಗೈ ಅಗಲದ ಒಂದೇ ಜಿಲೇಬಿ ಮೀನು ಉಳಿಯಿತು. ಅದು ಅವಳದು. ಸರಿಹೋಯಿತು! ವಸಂತಮ್ಮ ಆ ದಿನ ಮೊದಲ ಬಾರಿ ನಕ್ಕಳು.

ಆಗ ಏರಿಯ ಕೆಳಗೆ ಆಟೋ ಒಂದು ಬಂದು ನಿಂತಿತು. ಹಾಸಿಗೆ ಸುರುಳಿ, ಒಂದು ಟ್ರಂಕು, ಪುಟ್ಟ ಗ್ಯಾಸ್ ಒಲೆ ಇಳಿದವು. ಹಿಂದೆ ಒಬ್ಬ ಮನುಷ್ಯನೂ ಅವನ ಬಸುರಿ ಹೆಂಡತಿಯೂ ಇಳಿದರು. ನಂಜಪ್ಪ ಅವನಿಗೆ ಕೋಣೆಯ ಬೀಗದ ಕೈ ಕೊಡುತ್ತಿದ್ದ. ಹೆಸರು ರೇವಣಸಿದ್ದ, ಸಿಂದಗಿಯವನು, ಫ್ಯಾಕ್ಟರಿಗೆ ಹೊಸದಾಗಿ ಸೇರಿದವನು.

"ಅವ್ನು ಲೆಕ್ಕಕ್ಕೆ ಬರಲ್ಲ" ಎಂದು ಲಕ್ಷ್ಮಣಪ್ಪ ತಾನಾಗಿಯೇ ಹೇಳಿದ. ದಣಿದಿದ್ದ, ಅವನ ದನಿಯಲ್ಲಿ ಸವಾಲು ಉಳಿದಿರಲಿಲ್ಲ. "ಇನ್ನೂ ಒಲೆ ಅಚ್ಚಿಲ್ಲ. ನೀನು ಗೆದ್ದೆ, ನಿನ್ ಮೀನು ತಗೊಂಡು ಏಳು."

ವಸಂತಮ್ಮ ಆ ಬಸುರಿಯನ್ನು ನೋಡಿದಳು. ಅವಳು ಮೀನಿನ ಕಡೆ ನೋಡುತ್ತಿರಲಿಲ್ಲ, ಬೇಕೆಂದೇ ಬೇರೆ ಕಡೆ ನೋಡುತ್ತಿದ್ದಳು. ಬೋಗುಣಿ ಮುಚ್ಚಿಕೊಂಡು ಹೋದವರ ಮುಖ ಹೇಗಿರುತ್ತದೆಂದು ವಸಂತಮ್ಮನಿಗೆ ಒಂದು ವರ್ಷದಿಂದ ಚೆನ್ನಾಗಿ ಗೊತ್ತಿತ್ತು.

"ಬಾ ಮಗಾ, ಪಾತ್ರೆ ತಗೊಂಡ್ ಬಾ" ಎಂದು ಕರೆದು ಮೀನನ್ನು ಕೊಟ್ಟುಬಿಟ್ಟಳು.

"ಏನ್ ಮಾಡ್ದೆ ವಸಂತಮ್ಮ!" ಲಕ್ಷ್ಮಣಪ್ಪ ಎದ್ದೇಬಿಟ್ಟ. "ಈಗ ನಿನ್ ಒಲೆನೇ ತಪ್ಪೋಯ್ತಲ್ಲ. ಏಳ್ಬೇಕಾಯ್ತದೆ ನೀನು!"

"ಅವಳ ಒಲೆ ಸಂಜೆ ಅಚ್ತಾಳೆ. ನಂದು ಅಚ್ಚಲ್ಲ" ಎಂದಳು ವಸಂತಮ್ಮ. "ಉರಿಯದ ಒಲೆಗೆ ಪಾಲಿಲ್ಲ. ನಾನ್ಯಾಕೆ ಏಳ್ಲಿ?"

ಲಕ್ಷ್ಮಣಪ್ಪ ಮತ್ತೆ ಕೂತ. ಅವನ ಸೊಸೆ ಮುಖ ತಿರುಗಿಸಿ ನಗುತ್ತಿದ್ದಳು.

"ಅಲ್ಲ ಕಣೇ, ನಮ್ಮ ಊಟ?" ಎಂದ ಲಕ್ಷ್ಮಯ್ಯ. ಪಾಪ, ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ.

ಅದಕ್ಕೆ ಉತ್ತರ ಕೊಟ್ಟವಳು ಶೇಖವ್ವ. "ಇಬ್ಬರೂ ನಮ್ಮ ಮನಿಗೆ ಉಣ್ಣಾಕ ಬರ್ರಿ" ಎಂದು, ಮಣೆಯ ಮೇಲೆ ಮರಗಟ್ಟಿ ಕೂತಿದ್ದವಳ ಕಂಕುಳಿಗೆ ಕೈ ಹಾಕಿ ಎಬ್ಬಿಸಿದಳು.

ಅವತ್ತು ಸಂಜೆ ತನ್ನ ಹತ್ತಡಿಯ ಕೋಣೆಯಲ್ಲಿ, ಗೋಡೆಗೆ ಒರಗಿ ಕೂತ ವಸಂತಮ್ಮನ ಮುಂದೆ ಶೇಖವ್ವ ಬಿಸಿ ಜೋಳದ ರೊಟ್ಟಿ ಇಟ್ಟು, ಮೀನಿನ ನಡುತುಂಡನ್ನೇ ಆರಿಸಿ ಹಾಕಿದಳು. ಖಾರ ಕಣ್ಣಲ್ಲಿ ನೀರು ತರಿಸುವಷ್ಟಿತ್ತು. ವಸಂತಮ್ಮ ನೀರು ಒರೆಸಿಕೊಳ್ಳಲಿಲ್ಲ. ಅಷ್ಟು ವರ್ಷ ಊರಿಗೆಲ್ಲ ಪಾಲು ಹಾಕಿದವಳಿಗೆ, ಕೂರಿಸಿ ಮೊದಲ ಬಲೆಯ ಮೀನು ಬಡಿಸಿದವರು ಅದುವರೆಗೆ ಯಾರೂ ಇರಲಿಲ್ಲ.